ಗುಂಡ ಉಣ್ಣದ ಬಟ್ಟಲು

ಆಗೆಲ್ಲ ಆಸ್ಟಿನ್ ಪಕ್ಕದ ನಮ್ಮ ಊರು ಸೀಡರ್ ಪಾರ್ಕಿನಲ್ಲಿ ಬೇಸಿಗೆ ರಜೆ ಎಂದರೆ ಮನೆಯೊಳಗಿನ ರಜೆ. ಹನ್ನೊಂದರ ಮೇಲೆ ಹೊರಗೆ ಹೋದರೆ ಸೈಕಲ್ ಹ್ಯಾಂಡಲ್ ಕೂಡ ಕೈ ಸುಡುತ್ತಿತ್ತು. ಎಸಿಯ ಗುಂಯ್ ಸದ್ದು, ಅಮ್ಮನ ಒಗ್ಗರಣೆಯ ಇಂಗಿನ ವಾಸನೆ, ಕಾರ್ಪೆಟ್ ಮೇಲೆ ಹರಡಿದ ಚೌಕಾಬಾರ. ನನಗೆ ಹತ್ತು ವರ್ಷವಾದ ಬೇಸಿಗೆಯಲ್ಲಿ ಇವುಗಳ ಜೊತೆ ಗುಂಡನೂ ಇದ್ದ.

ಗುಂಡ ಒಂದು ಊಸರವಳ್ಳಿ. ನಮ್ಮದಲ್ಲ, ಇಮ್ರಾನ್ ಅಣ್ಣನದು. ಅಣ್ಣ ಧಾರವಾಡದವನು, ಆಸ್ಟಿನ್‌ನಲ್ಲಿ ಎಂ.ಎಸ್. ಓದುತ್ತಿದ್ದ. ಯುಗಾದಿಯ ಪಾಟ್‌ಲಕ್ ಊಟದ ಕೂಟದಲ್ಲಿ ಪರಿಚಯವಾದಂದಿನಿಂದ ಶನಿವಾರ ನಮ್ಮಲ್ಲಿಗೆ ಊಟಕ್ಕೆ ಬರುತ್ತಿದ್ದ. ಆ ಜೂನ್‌ನಲ್ಲಿ ಅವನಿಗೆ ಡಲ್ಲಾಸ್‌ನಲ್ಲಿ ಇಂಟರ್ನ್‌ಶಿಪ್ ಸಿಕ್ಕಿತು.

"ಎರಡ ತಿಂಗಳು ನೋಡ್ಕೋರಿ ಅಕ್ಕಾರ," ಎಂದು ಅಮ್ಮನಿಗೆ ಹೇಳಿ, ನನ್ನ ಕಡೆ ತಿರುಗಿದ. "ಪುಟ್ಟಿ, ನಿನ್ನ ಕೈಯಾಗ ಕೊಟ್ಟೀನಿ. ಹಿಂಗ ಹಸರ ಹಸರ ಇದ್ದಂಗ ವಾಪಸ್ ಕೊಡಬೇಕು ಮತ್ತ."

ಗುಂಡನಿಗೆ ಜೀವಂತ ಹುಳ ಬೇಕಿತ್ತು. ಪೆಟ್ ಅಂಗಡಿಯ, ಮಿಡತೆಯಂಥ ಕ್ರಿಕೆಟ್ ಹುಳಗಳನ್ನು ಜಾಲರಿಯ ಪಂಜರದೊಳಗೆ ಬಿಟ್ಟರೆ ಕೊಂಬೆಯ ಮೇಲಿಂದಲೇ ನಾಲಿಗೆ ಚಾಚಿ ಹಿಡಿಯುತ್ತಿದ್ದ. ಮೂರನೆಯ ದಿನ ಒಂದು ಹುಳ ತಪ್ಪಿಸಿಕೊಂಡು ದೇವರ ಪಟದ ಹಿಂದೆ ಸೇರಿಕೊಂಡಿತು. ಅಮ್ಮ ಮಂಗಳಾರತಿ ಎತ್ತುವ ಹೊತ್ತಿಗೆ ಸರಿಯಾಗಿ ಕಿರ್ರೆಂದು ಕೂಗಿತು.

"ಮೊಟ್ಟೇನೂ ತರದ ಮನೆ ಇದು," ಎಂದಳು ಅಮ್ಮ, ಆರತಿ ಕೈಯಲ್ಲೇ ಹಿಡಿದು. "ಇನ್ನೊಂದು ಹುಳ ಹೊರಗೆ ಕಂಡ್ರೆ ನಿನ್ನ ಗುಂಡ ಡಲ್ಲಾಸ್‌ಗೆ ಹೋಗ್ತಾನೆ, ನೀನೇ ಕಟ್ಕೊಂಡು ಹೋಗು."

ಫೋನಿನಲ್ಲಿ ಇಮ್ರಾನ್ ಅಣ್ಣ ನಕ್ಕ. "ಬಟ್ಟಲದಾಗ ಹಾಕಿಡು. ಬದಿ ನುಣ್ಣಗಿದ್ರ ಹುಳ ಹತ್ತಿ ಬರಂಗಿಲ್ಲ. ಅವನ ಟೊಂಗಿ ಹತ್ರ ಕಟ್ಟು, ತಾನ ತಿಂತಾನ."

ನಮ್ಮ ಮನೆಯಲ್ಲಿ ಬಟ್ಟಲು ಎಂದರೆ ಸ್ಟೀಲಿನದು. ಪ್ಲಾಸ್ಟಿಕ್ಕಿನಲ್ಲಿ ಬಡಿಸಿದರೆ ಅದು ಅಮ್ಮನ ಲೆಕ್ಕದಲ್ಲಿ ಬಡಿಸಿದಂತೆಯೇ ಅಲ್ಲ. ಮೈಸೂರಿನ ಅಜ್ಜಿ ನನ್ನ ಹೆಸರು ಕೆತ್ತಿಸಿ ಕೊಟ್ಟಿದ್ದ ಬಟ್ಟಲನ್ನು ನಾನು ಗುಂಡನಿಗೆ ಕೊಟ್ಟೆ. "ಅದು ಇನ್ನು ಅಡುಗೆಮನೆಗೆ ಬರಕೂಡದು," ಎಂದಷ್ಟೇ ಹೇಳಿದಳು ಅಮ್ಮ.

ಹುಳಗಳು ಹತ್ತಿ ಬರಲಿಲ್ಲ. ಗುಂಡ ತಿನ್ನಲೂ ಇಲ್ಲ.

ಮೊದಲ ದಿನ ಬಟ್ಟಲ ಕಡೆ ಒಂದು ಕಣ್ಣು ತಿರುಗಿಸಿದ, ಮೈ ಕಂದು ಬಣ್ಣವಾಯಿತು. ಎರಡನೆಯ ದಿನ ಮೈಯುಬ್ಬಿಸಿ ಬಾಯಿ ತೆರೆದ. ಹಸಿವೆಂದುಕೊಂಡು ಬಟ್ಟಲನ್ನು ಇನ್ನಷ್ಟು ಹತ್ತಿರ ಕಟ್ಟಿದೆ. ಅವನು ಕಪ್ಪಗಾಗಿ ಕೊಂಬೆಯ ತುದಿಗೆ ಸರಿದ. ಬಟ್ಟಲು ಕೊಳೆಯಾಗಿರಬಹುದೆಂದು ಸೋಪು ಹಾಕಿ ಉಜ್ಜಿದೆ. ಮೂರನೆಯ ದಿನ ಹುಣಸೆಹಣ್ಣು ಹಾಕಿ ತಿಕ್ಕಿದೆ. ಫಳಫಳ ಎನ್ನುತ್ತಿತ್ತು.

"ಹಾಗೆ ಮುಖದ ಮುಂದೇನೇ ಕೂತ್ರೆ ಯಾರು ತಿಂತಾರೆ?" ಎಂದಳು ಅಮ್ಮ.

"ಯೂ ಡೂ ದಟ್ ಟು ಮೀ, ಅಮ್ಮಾ."

"ನೀನು ಕೊನೇಗೆ ತಿಂತೀಯಲ್ಲ."

ಐದನೆಯ ದಿನ ಗುಂಡನ ಕಣ್ಣುಗಳು ಒಳಸೇರಿದ್ದವು. ನಾನು ಹತ್ತೊಂಬತ್ತು ಹುಳ ಹಾಕಿದ್ದೆ. ಸಂಜೆ ಎಣಿಸಿದರೆ ಹತ್ತೊಂಬತ್ತೂ ಇದ್ದವು. ಅದಾದ ಮೇಲೆ ನಾನು ಮಾಡಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. "ಈಟ್! ಜಸ್ಟ್ ಈಟ್!" ಎಂದು ಕಿರುಚಿ ಪಂಜರಕ್ಕೆ ಅಂಗೈಯಿಂದ ಹೊಡೆದೆ. ಎರಡು ಸಲ. ಎರಡನೆಯ ಏಟಿಗೆ ಗುಂಡ ಕೊಂಬೆಯಿಂದ ಕೆಳಗೆ ಬಿದ್ದ.

ಬಿದ್ದ ಸದ್ದು ಬಹಳ ಸಣ್ಣದು, ಒದ್ದೆ ಕಾಲುಚೀಲ ಬಿದ್ದ ಹಾಗೆ.

ಎರಡೂ ಕೈಯಿಂದ ಎತ್ತಿಕೊಂಡೆ. ತೂಕವೇ ಇರಲಿಲ್ಲ. ಕೊಂಬೆಯ ಮೇಲಿಡಲು ನನ್ನ ತಲೆಯನ್ನೂ ಪಂಜರದೊಳಗೆ ತೂರಿಸಬೇಕಾಯಿತು. ಆಗ ನನ್ನ ಕಣ್ಣು ಅವನ ಕಣ್ಣಿನ ಮಟ್ಟಕ್ಕೆ ಬಂತು, ಬಟ್ಟಲಿನ ಹೊರಮೈ ಎದುರಿಗೆ ಬಂತು. ಅದರಲ್ಲಿ ಉಬ್ಬಿದ, ಕರಿಯ, ಬಾಯ್ತೆರೆದ ಇನ್ನೊಬ್ಬ ಗುಂಡನಿದ್ದ. ಐದು ದಿನವೂ ಊಟದ ಮುಂದೆ ಅವನು ಕಾವಲು ಕೂತಿದ್ದ. ದಿನದಿನಕ್ಕೂ ಅವನನ್ನು ಉಜ್ಜಿ ಸ್ಪಷ್ಟ ಮಾಡುತ್ತಿದ್ದವಳು ನಾನು.

ಸದ್ದು ಕೇಳಿ ಬಂದ ಅಮ್ಮ ಬೈಯಲಿಲ್ಲ. ನಾನು ಬೆರಳು ತೋರಿಸಿದ ಕಡೆ ಬಗ್ಗಿ ನೋಡಿದಳು. ಅಡುಗೆಮನೆಗೆ ಹೋಗಿ ಖಾಲಿ ಮೊಸರಿನ ಡಬ್ಬಿ ತಂದಳು, ಬಿಳಿಯದು, ಪ್ಲಾಸ್ಟಿಕ್ಕಿನದು. ಮುಖ ಕಿವುಚಿಕೊಂಡು ತಾನೇ ಹುಳಗಳನ್ನು ಅದಕ್ಕೆ ಸುರಿದಳು.

"ದೂರ ಬಾ ಈಗ. ನೋಡ್ಬೇಡ."

ಸೋಫಾದ ಹಿಂದೆ ನೆಲಕ್ಕೆ ಗಲ್ಲವೂರಿ ಇಬ್ಬರೂ ಕಾದೆವು. ಸಾರು ತಣ್ಣಗಾಯಿತು. ಗುಂಡನ ನಾಲಿಗೆ ಎರಡು ಸಲ ಗುರಿ ತಪ್ಪಿತು. ಮೂರನೆಯ ಸಲ ಟಪ್ ಎಂದಿತು. ಅಮ್ಮ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದಳು.

ಆಗಸ್ಟಿನಲ್ಲಿ ಇಮ್ರಾನ್ ಅಣ್ಣ ಬಂದ. "ಸ್ವಲ್ಪ ಸೊರಗ್ಯಾನಲ್ಲ?" ಎಂದ.

"ಹೀ ಈಟ್ಸ್ ಫೈನ್," ಎಂದೆ. ಅಷ್ಟು ಹೊತ್ತಿಗೆ ಅದು ನಿಜವೇ ಆಗಿತ್ತು. ಬಟ್ಟಲಿನ ಸುದ್ದಿ ಎತ್ತಲಿಲ್ಲ, ಆ ಎರಡು ಏಟುಗಳದ್ದೂ. ಅಮ್ಮ ನನ್ನನ್ನೊಮ್ಮೆ ನೋಡಿ ಅವನಿಗೆ ಚಪಾತಿ ಬಡಿಸಿದಳು.

ಮರುವರ್ಷ ಗುಂಡ ಸತ್ತನೆಂದು ಅಪ್ಪನ ಫೋನಿಗೆ ಸಂದೇಶ ಬಂತು. ವಯಸ್ಸಾಗಿತ್ತು ಎಂದು ಅಣ್ಣ ಬರೆದಿದ್ದ. ಇರಬಹುದು. ಆಮೇಲೆ ಅವನು ಬೇರೆ ರಾಜ್ಯಕ್ಕೆ ಶಿಫ್ಟ್ ಆದ, ನಂಬರೂ ಬದಲಾಯಿತು. ಹೇಳಬೇಕಾದವನೇ ಕೈಗೆ ಸಿಗದಂತಾದ. ಅಮ್ಮನೂ ನಾನೂ ಸೋಫಾದ ಹಿಂದೆ ಹಾಗೆ ಉಸಿರು ಬಿಗಿಹಿಡಿದು ಒಂದೇ ಕಡೆ ನೋಡುತ್ತ ಮಲಗಿದ್ದು ಅದೇ ಕೊನೆ.

ಬಟ್ಟಲು ಈಗ ಕ್ಲಿಯರ್ ಲೇಕ್‌ನ ನನ್ನ ಅಪಾರ್ಟ್‌ಮೆಂಟಿನಲ್ಲಿದೆ. ಗೀರು ಬಿದ್ದು ಬಿದ್ದು ಮಂಕಾಗಿದೆ. ಕೆತ್ತಿದ ಹೆಸರು ಕಾಣುತ್ತದೆ, ಮುಖ ಕಾಣುವುದಿಲ್ಲ. ಈಗಾಗಿದ್ದರೆ ಗುಂಡ ಅದರಲ್ಲಿ ಉಣ್ಣುತ್ತಿದ್ದ.