ಮೂರು ಕಣ್ಣಿನವನಿಗೆ ಬೈದ ಸುದ್ದಿ

“ನಾ ಈಗ ಲಿಂಗಪೂಜಾ ಮಾಡೂದಿಲ್ಲವ್ವಾ. ದಿನಾ ಮುಂಜಾನೆ ಅಂಗೈಯಾಗ ಲಿಂಗ ಇಟ್ಕೊಂಡು ಬೈತೇನಿ. ಪಾಪ ಅಲ್ಲೇನು?”

ಸವಣೂರಿನಲ್ಲಿ ಆಪ್ತಸಮಾಲೋಚಕಿಯ ಎದುರು ನೆಲ ನೋಡುತ್ತ ಇಷ್ಟು ಹೇಳುವಷ್ಟರಲ್ಲಿ ನನ್ನ ಸೆರಗು ಬೆವರಿಗೆ ಒದ್ದೆಯಾಗಿತ್ತು. ಮೊಮ್ಮಕ್ಕಳೇ, ನಿಮ್ಮ ಅಜ್ಜ ತೀರಿದ ಮೇಲೆ ನನ್ನ ನಿದ್ದೆ ಕೆಟ್ಟದ್ದು ಇದೇ ಭಯಕ್ಕೆ. ಯಾರಿಗೂ ಹೇಳಿರಲಿಲ್ಲ.

ಸಮಾಲೋಚಕಿ ತಲೆಗೆ ಸ್ಕಾರ್ಫ್ ಕಟ್ಟಿದ್ದ ಮುಸ್ಲಿಂ ಹುಡುಗಿ; ಅವಳು ಬೆಚ್ಚಲಿಲ್ಲ. “ಪಾಪ ಹೌದೋ ಅಲ್ಲೋ ಹೇಳೂದು ನನ್ನ ಕೆಲಸ ಅಲ್ರಿ ಅಮ್ಮಾರ. ಏನಂತ ಬೈತೀರಿ? ಅದನ್ನ ಹೇಳ್ರಿ, ಕೇಳ್ತೇನಿ.”

ಕಣ್ಣು ಮುಚ್ಚಿ ಹೇಳಿಯೇಬಿಟ್ಟೆ. “ಮೂರು ಕಣ್ಣದಾವು ನಿನಗ. ನನ್ನ ಗಂಡ ಹೋಗೂ ಮುಂದ ಮೂರೂ ಮುಚ್ಕೊಂಡು ಕುಂತಿದ್ದೇನೋ ಭಾಡ್ಯಾ?”

ಕಣ್ಣು ತೆರೆದರೆ ಹುಡುಗಿ ನಗು ತಡೆಯಲು ತುಟಿ ಕಚ್ಚಿ ಹಿಡಿದಿದ್ದಾಳೆ! ನಾನೇ ಮೊದಲು ಕಿಸಕ್ಕೆಂದೆ. ಆಮೇಲೆ ಇಬ್ಬರೂ ಕಣ್ಣೊರೆಸಿಕೊಳ್ಳುವಷ್ಟು ನಕ್ಕೆವು. ಸಲಿಗೆ ಬಂದು, “ನೀನೂ ನಿಮ್ಮ ದೇವರಿಗೆ ಹಿಂಗ ಬೈತೀಯೇನವ್ವಾ?” ಎಂದು ಕೇಳಿದೆ.

“ಅದು ನಮ್ಮ ಮನಿ ಮಾತು ರೀ. ಇಲ್ಲಿ ನಿಮ್ಮದಷ್ಟ,” ಎಂದಳು, ಇನ್ನೂ ನಗುತ್ತಲೇ.

ಮೊಮ್ಮಕ್ಕಳೇ, ಅಂದಿನಿಂದ ನಿದ್ದೆ ಬರುತ್ತಿದೆ. ಲಿಂಗಕ್ಕೆ ಮತ್ತೆ ವಿಭೂತಿ, ಪತ್ರಿ ಏರಿಸುತ್ತಿದ್ದೇನೆ. ಪೂಜೆ ಮುಗಿದ ಮೇಲೆ ಒಂದೇ ಒಂದು ಬೈಗುಳ ಇದ್ದೇ ಇದೆ. ನಿಮ್ಮ ಕಿವಿಗೆ ಬಿದ್ದರೆ ಗಾಬರಿಯಾಗಬೇಡಿ.