ಗುರು ಸರ್ ಕಾರು ನೋಡಿದ ಚಳಿಗಾಲ

ಕಾರಿನ ಬಾಗಿಲು ಮುಚ್ಚುವಾಗ ಗುರು ಸರ್ ತಮ್ಮ ಕಣ್ಣನ್ನೂ ಮುಚ್ಚಿಕೊಳ್ಳುತ್ತಿದ್ದರು. ಶೋರೂಮಿನಲ್ಲಿ ಥಳಥಳ ಹೊಳೆಯುವ ಕಾರಿನ ಪಕ್ಕ ತಲೆ ಸ್ವಲ್ಪ ಓರೆ ಮಾಡಿ ನಿಂತು, ಬಾಗಿಲನ್ನು ಹದವಾಗಿ ತಳ್ಳಿ, ಆ ಸದ್ದು ಪೂರ್ತಿ ಅಡಗುವವರೆಗೆ ಹಾಗೇ ಇರುತ್ತಿದ್ದರು. ಆಮೇಲೆ ಕಣ್ಣು ತೆರೆದು, "ಪರವಾಗಿಲ್ಲ. ಆದ್ರೆ ಏನೋ ಒಂದು ಕಮ್ಮಿ ಇದೆ" ಎನ್ನುತ್ತಿದ್ದರು. ಏನು ಕಮ್ಮಿ ಎಂದು ಕೇಳಿದರೆ ಅದು ಅವರಿಗೂ ಗೊತ್ತಿರುತ್ತಿರಲಿಲ್ಲ.

ಈ ಪರದೇಶದ ಲೂಕನ್ ಎಂಬ ಊರಿನಲ್ಲಿ ಅವರ ಮನೆ, ನಮ್ಮ ಮನೆ ಒಂದೇ ಗೋಡೆ ಹಂಚಿಕೊಂಡ ಜೋಡಿ ಮನೆಗಳು. ಅವರು ಮೈಸೂರಿನವರು. ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್, ಅಂದರೆ ಮಹಡಿಯ ಸಣ್ಣ ರೂಮಿನಲ್ಲಿ ಕೂತು ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು. ಆ ಅಭ್ಯಾಸ ಕೆಲಸ ಮುಗಿದ ಮೇಲೂ ಅವರ ಜೊತೆ ಮೆಟ್ಟಿಲಿಳಿದು ಬರುತ್ತಿತ್ತು. ಒಂದು ಟೋಸ್ಟರ್ ಕೊಳ್ಳಲು ಇಡೀ ಬೇಸಿಗೆ ಕಳೆದ ಮನುಷ್ಯ. ಅವರ ಹೆಂಡತಿ ಸುಮಿತ್ರಾ ಡಾಕ್ಟರು, ಕಡಿಮೆ ಮಾತಿನವರು. ಆ ವರ್ಷ ಅವರಿಗೆ ಎರಡೂವರೆ ಗಂಟೆ ದಾರಿಯ ಸ್ಲೈಗೋದ ಆಸ್ಪತ್ರೆಯಲ್ಲಿ ಖಾಯಂ ಕೆಲಸ ಸಿಕ್ಕಿತ್ತು. ಸೋಮವಾರ ಬೆಳಕು ಹರಿಯುವ ಮೊದಲೇ ತಮ್ಮ ಹಳೆಯ ಪುಟ್ಟ ಕಾರಿನಲ್ಲಿ ಹೊರಟರೆ ಶುಕ್ರವಾರ ಸಂಜೆಯೇ ವಾಪಸು. ವಾರವಿಡೀ ಅಲ್ಲಿ ಊರಾಚೆಯ ಒಂದು ಬಾಡಿಗೆ ರೂಮು. ಮಗಳು ಅನನ್ಯಾಗೆ ಶಾಲೆಯ ಕೊನೆಯ ವರ್ಷವಾದ್ದರಿಂದ ಅಪ್ಪ, ಮಗಳು ಇಲ್ಲೇ ಉಳಿದಿದ್ದರು.

ಸೋಮವಾರ ಬೆಳಿಗ್ಗೆ ಗುರು ಸರ್ ಕೆಟಲಿನ ಬೆಚ್ಚನೆ ನೀರನ್ನು ಹೆಂಡತಿಯ ಕಾರಿನ ಗಾಜಿಗೆ ಸುರಿದು ಮಂಜು ಬಿಡಿಸುವ ಸದ್ದು ನನ್ನ ಮಲಗುವ ಕೋಣೆಗೇ ಕೇಳುತ್ತಿತ್ತು. ಹೆದ್ದಾರಿ ಮುಗಿದು ರಸ್ತೆ ಕಿರಿದಾಗುವ ಕಡೆ ನೆಲ ಗಾಜಿನಂತೆ ಹೆಪ್ಪುಗಟ್ಟಿರುತ್ತದೆ ಎಂದು ಯಾರೋ ಅವರ ತಲೆಗೆ ಹುಳ ಬಿಟ್ಟಿದ್ದರು. ಅವತ್ತಿನಿಂದ ಹುಡುಕಾಟ ಶುರುವಾಯಿತು. ಸುಮಿತ್ರಾಗೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಆಲ್-ವೀಲ್ ಡ್ರೈವ್ ಕಾರು ಬೇಕು. ಅದೂ ಸಾಧಾರಣದ್ದಲ್ಲ, ದೊಡ್ಡ ಲಕ್ಷುರಿ ಕಾರು. ಟೋಸ್ಟರಿಗೆ ಬೇಸಿಗೆ ಬೇಕಾದವರಿಗೆ ಇದಕ್ಕೆಷ್ಟು ಕಾಲ ಬೇಕು ಎಂದು ನಾನು ಆಗಲೇ ಯೋಚಿಸಬೇಕಿತ್ತು.

ನಾನು ಈ ಗೋಳಿಗೆ ಸಿಕ್ಕಿಕೊಂಡದ್ದು ನನ್ನ ಎತ್ತರದಿಂದ. ಒಂದು ಶನಿವಾರ ಬಾಗಿಲು ತಟ್ಟಿ, "ರೂಪಾ, ನೀವೂ ಸುಮಿನೂ ಒಂದೇ ಹೈಟು. ಸ್ವಲ್ಪ ಬಂದು ಸೀಟಲ್ಲಿ ಕೂತು ನೋಡ್ತೀರಾ?" ಎಂದರು.

"ಅವರನ್ನೇ ಕರ್ಕೊಂಡು ಹೋಗಿ ಸರ್, ಮನೇಲೇ ಇದ್ದಾರಲ್ಲ."

"ಮಲಗಿದ್ದಾಳೆ. ವಾರವೆಲ್ಲ ಓಡ್ಸಿರ್ತಾಳಲ್ಲ, ಶನಿವಾರನೂ ಸ್ಟಿಯರಿಂಗ್ ಕೊಡೋದು ಬೇಡ."

ಹೀಗೆ ನಾನು ಸುಮಿತ್ರಾ ಅವರ ಅಳತೆಯ ಗೊಂಬೆಯಾದೆ. ಪಕ್ಕದೂರು ಕ್ಲಾಂಡಾಲ್ಕಿನ್ ಕಡೆಯ ಶೋರೂಮುಗಳಲ್ಲಿ ನನ್ನನ್ನು ಸೀಟಿನಲ್ಲಿ ಕೂರಿಸಿ, "ಕನ್ನಡಿ ಕಾಣುತ್ತಾ? ಕಾಲು ಎಟಕುತ್ತಾ? ಸೀರೆ ಉಟ್ರೆ ಹತ್ತೋಕಾಗುತ್ತಾ?" ಎಂದು ಕೇಳುತ್ತಿದ್ದರು. ಸುಮಿತ್ರಾ ಕಾರು ಓಡಿಸುವಾಗ ಸೀರೆ ಉಟ್ಟದ್ದನ್ನು ನಾನಂತೂ ನೋಡಿರಲಿಲ್ಲ.

ಹೊರಡುವಾಗ ಅವರ ಜಾಕೆಟ್ಟಿನ ಜೇಬು ಉಬ್ಬಿರುತ್ತಿತ್ತು. ಅದರೊಳಗೆ ನಾಲ್ಕು ನಿಂಬೆಹಣ್ಣು. "ಇವತ್ತು ಮುಗಿಸೇಬಿಡೋಣ. ಸಿಕ್ರೆ ಅಲ್ಲೇ ಪೂಜೆ ಮಾಡಿ, ಚಕ್ರಕ್ಕೆ ಇಟ್ಟು ಹತ್ತಿಸಿಬಿಡೋದು" ಎನ್ನುತ್ತಿದ್ದರು. ಕಾರು ಮುಂಗಡ ಕೊಟ್ಟು ಕಾದ ಮೇಲೆ ಬರುವುದೇ ಹೊರತು ತರಕಾರಿಯಂತೆ ಅವತ್ತೇ ಚೀಲಕ್ಕೆ ಬೀಳುವುದಿಲ್ಲ ಎಂದು ಸೇಲ್ಸ್‌ಮನ್ ಡೆಕ್ಲನ್ ಹೇಳಿದರೂ ನಿಂಬೆಹಣ್ಣು ಬರುವುದು ತಪ್ಪಲಿಲ್ಲ. ಸಂಜೆ ಅವೇ ಹಣ್ಣು ಹಿಂಡಿ ಗುರು ಸರ್ ಚಿತ್ರಾನ್ನ ಮಾಡಿ ಒಂದು ಡಬ್ಬಿ ನಮಗೂ ಕೊಡುತ್ತಿದ್ದರು. ಡಬ್ಬಿ ಬಂದರೆ ಕಾರು ಆಗಲಿಲ್ಲ ಎಂದು ಅರ್ಥ. ನನ್ನ ಗಂಡ ಮಾತ್ರ, ಇವರು ಬೇಗ ಕಾರು ತೆಗೆದುಕೊಳ್ಳದಿದ್ದರೆ ಸಾಕು ಎಂದು ಹಾರೈಸುತ್ತ ಕಡಲೆಬೀಜ ಆರಿಸಿಕೊಂಡು ತಿನ್ನುತ್ತಿದ್ದ.

ಸಲಹೆ ಕೊಡುವವರಿಗೇನೂ ಬರಗಾಲವಿರಲಿಲ್ಲ. ಕನ್ನಡದವರು ನಾಲ್ಕು ಜನ ಸೇರಿದ ಕಡೆಯೆಲ್ಲ ಗುರು ಸರ್ ಇದೇ ಮಾತು ತೆಗೆಯುತ್ತಿದ್ದರು. ಒಬ್ಬರು ಜರ್ಮನ್ ಕಾರೇ ಆಗಬೇಕು ಎಂದರು. ಇನ್ನೊಬ್ಬರು ಸ್ವೀಡನ್‌ನವರಿಗಿಂತ ಚಳಿ ಗೊತ್ತಿರುವವರು ಯಾರು ಎಂದರು. ಈ ದೇಶದಲ್ಲಿ ಹಿಮ ಎಲ್ಲಿ ಬೀಳುತ್ತದೆ, ಬರೀ ಮಳೆ ತಾನೇ, ಅದೆಲ್ಲ ದಂಡ ಎಂದರು ಮಗದೊಬ್ಬರು. ನಾಲ್ಕು ಚಕ್ರದ ಬಲ ಹೊರಡುವುದಕ್ಕೆ ಮಾತ್ರ, ನಿಲ್ಲುವುದಕ್ಕೆ ಬೇಕಾದದ್ದು ಚಳಿಗಾಲದ ಟೈರು ಎಂದು ಡೆಕ್ಲನ್ ಮೆಲ್ಲಗೆ ಹೇಳಿದ. ಗುರು ಸರ್ ಎಲ್ಲರ ಮಾತಿಗೂ ಹೌದೆಂದು ತಲೆಯಾಡಿಸಿ, ಎಲ್ಲರನ್ನೂ ಅನುಮಾನಿಸುತ್ತಿದ್ದರು. ನನಗೆ ಮೊದಲು ಕಾರಿನ ವಿಷಯ ಬಣ್ಣ ಬಿಟ್ಟರೆ ಏನೂ ತಿಳಿದಿರಲಿಲ್ಲ. ಅವರ ಜೊತೆ ಸುತ್ತಿದ ಮೇಲೆ ಯಾವ ಬಣ್ಣ ಇಷ್ಟವೆಂಬುದೂ ಮರೆತುಹೋಯಿತು.

ಕೊನೆಗೆ ಮಂಜುಗಡ್ಡೆಯ ಮೇಲೆ ಓಡಿಸದೆ ಕೊಳ್ಳುವುದಿಲ್ಲ ಎಂದು ಹಟ ಹಿಡಿದರು. ಹಿಮದ ಮುನ್ಸೂಚನೆ ಬಂದ ಶನಿವಾರ ಮಗುವಿನಂತೆ ಖುಷಿಯಾಗಿ ಶೋರೂಮಿಗೆ ಫೋನ್ ಮಾಡಿದರೆ, ರಸ್ತೆ ಜಾರುವ ದಿನ ಟೆಸ್ಟ್ ಡ್ರೈವ್ ಕೊಡುವುದಿಲ್ಲ, ಇನ್ಶೂರೆನ್ಸ್ ಒಪ್ಪುವುದಿಲ್ಲ ಎಂದ ಡೆಕ್ಲನ್. ಗುರು ಸರ್ ನಮ್ಮ ಅಡುಗೆಮನೆಯಲ್ಲಿ ಬಂದು ಕೂತರು. "ಇದ್ಯಾವ ನ್ಯಾಯ ಹೇಳಿ ರೂಪಾ. ಚಳಿಗೆ ಅಂತ ಮಾಡಿರೋ ಕಾರು, ಚಳಿ ಬಂದ್ರೆ ಹೊರಗೆ ಬಿಡಲ್ಲ ಅಂತಾರೆ." ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ.

ಮುಂದಿನ ಶನಿವಾರ ಮಂಜು ಕರಗಿ ರಸ್ತೆ ಬರೀ ಒದ್ದೆಯಾಗಿತ್ತು. ಸ್ವೀಡನ್ ಕಾರಿನಲ್ಲಿ ನಾನು ಸ್ಟಿಯರಿಂಗ್ ಹಿಡಿದಿದ್ದೆ, ಗುರು ಸರ್ ಪಕ್ಕದಲ್ಲಿ, ಹಿಂದೆ ಡೆಕ್ಲನ್. ರೌಂಡ್‌ಅಬೌಟ್ ಹತ್ತಿರ ವ್ಯಾನೊಂದು ಅಡ್ಡ ಬಂತು. ಗಾಬರಿಯಲ್ಲಿ ಬ್ರೇಕನ್ನು ಜೋರಾಗಿಯೇ ಒತ್ತಿದೆ.

"ಸುಮಿ, ನಿಧಾನ" ಎಂದರು ಗುರು ಸರ್.

ಕಾರು ನಿಂತಿತು, ಏನೂ ಆಗಲಿಲ್ಲ. ಅವರ ಎರಡೂ ಕೈ ಮುಂದಿನ ಡ್ಯಾಶ್‌ಬೋರ್ಡನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದವು. ಪ್ರತಿ ಸೋಮವಾರ ಹೆಂಡತಿ ಸ್ಲೈಗೋ ತಲುಪಿ ಫೋನ್ ಮಾಡುವವರೆಗೆ ಈ ಮನುಷ್ಯ ಮಹಡಿಯ ರೂಮಿನಲ್ಲಿ ಹೀಗೇ ಕೂತಿರುತ್ತಾರೆ ಎಂದು ನನಗೆ ಆಗ ಹೊಳೆಯಿತು. ಪಾಪ ಅನಿಸಿತು, ಸಿಟ್ಟೂ ಬಂತು. ಅಷ್ಟು ಭಯವಿರುವವರು ಯಾವುದಾದರೂ ಒಂದನ್ನು ಯಾಕೆ ಕೊಂಡುಬಿಡಬಾರದು? ವಾಪಸು ಬಂದು ಇಳಿದ ಅವರು ಕಣ್ಣು ಮುಚ್ಚಿ ಬಾಗಿಲು ಹಾಕಿ, "ಪರವಾಗಿಲ್ಲ. ಆದ್ರೆ ಸ್ವಲ್ಪ ಯೋಚನೆ ಮಾಡ್ಬೇಕು" ಎಂದರು. ಸಂಜೆ ಚಿತ್ರಾನ್ನ ಬಂತು.

ಅದಾದ ಸ್ವಲ್ಪ ದಿನಕ್ಕೆ, ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದ ಒಂದು ಬೆಳಿಗ್ಗೆ, ಗುರು ಸರ್ ಚಪ್ಪಲಿಯಿಲ್ಲದೆ ಬಾಗಿಲಲ್ಲಿ ನಿಂತಿದ್ದರು. "ಸುಮಿ ಕಾರು ಜಾರಿ ಬೇಲಿಗೆ ಹೋಯ್ತಂತೆ. ರೂಮಿನ ಹತ್ರಾನೇ. ಯಾರೋ ಟ್ರ್ಯಾಕ್ಟರ್ ತಂದು ಎಳೆದ್ರಂತೆ. ಅವಳಿಗೆ ಏನೂ ಆಗಿಲ್ವಂತೆ. ಡ್ಯೂಟಿಗೂ ಹೋಗಿ, ಆಮೇಲೆ ನಂಗೆ ಹೇಳ್ತಿದ್ದಾಳೆ." ಒಳಗೆ ಕರೆದು ನೀರು ಕೊಟ್ಟೆ. ಲೋಟ ಹಿಡಿದುಕೊಂಡೇ ಅತ್ತರು. "ನಾನಿಲ್ಲಿ ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ ಮಾಡ್ಕೊಂಡು ಕೂತಿದ್ದೆ" ಎಂದರು.

ಆ ಶುಕ್ರವಾರ ಸಂಜೆ ನನ್ನನ್ನೂ ಕರೆದರು. ಕೊನೆಗೆ ಉಳಿದದ್ದು ಎರಡು ಕಾರು, ಜರ್ಮನ್ ಒಂದು, ಸ್ವೀಡನ್ ಒಂದು. ಸುಮಿತ್ರಾ ಯಾವುದೆಂದು ಹೇಳಿದರೆ ಬೆಳಿಗ್ಗೆಯೇ ಹೋಗಿ ಮುಂಗಡ ಕೊಡುವುದು. ನಿಂಬೆಹಣ್ಣು ಆಗಲೇ ಮೇಜಿನ ಮೇಲಿತ್ತು. ಸುಮಿತ್ರಾ ಕಾಫಿ ಕುಡಿಯುತ್ತ ಎಲ್ಲ ವರ್ಣನೆಯನ್ನೂ ಕೇಳಿದರು.

"ಇದು ಜಾರೋದೇ ಇಲ್ವಾ?"

"ಜಾರುತ್ತೆ. ಕಮ್ಮಿ ಜಾರುತ್ತೆ" ಎಂದರು ಗುರು ಸರ್.

"ರೀ, ನೀವು ದಿನಾ ಎಲ್ಲಿ ಕೂತು ಕೆಲಸ ಮಾಡ್ತೀರಿ?"

"ಮೇಲಿನ ರೂಮಲ್ಲಿ."

"ಅಂಥ ರೂಮು ಸ್ಲೈಗೋದಲ್ಲಿ ಸಿಗಲ್ವಾ?"

ಅವರ ಕೆಲಸಕ್ಕೆ ಬೇಕಾದದ್ದು ಒಂದು ಮೇಜು, ಒಂದು ಇಂಟರ್ನೆಟ್. ಪ್ರತಿ ಶನಿವಾರ ಜೊತೆಗೆ ಸುತ್ತಿದ ನನಗೂ, ಸಲಹೆ ಕೊಟ್ಟ ಅಷ್ಟು ಜನಕ್ಕೂ ಇದು ಹೊಳೆದಿರಲಿಲ್ಲ.

"ಅನನ್ಯಾ ಪರೀಕ್ಷೆ ಮುಗೀಲಿ. ಅಲ್ಲೀವರೆಗೆ ಸೋಮವಾರ ನಾನು ಟ್ರೈನಲ್ಲಿ ಹೋಗ್ತೀನಿ, ಅಲ್ಲಿ ಆಸ್ಪತ್ರೆ ಪಕ್ಕದಲ್ಲೇ ರೂಮು ಹಿಡೀತೀನಿ. ಆಮೇಲೆ ನೀವು ಬನ್ನಿ. ನಂಗೆ ಕಾರು ಬೇಡ" ಎಂದರು ಸುಮಿತ್ರಾ.

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನೀವೇ ಬರ್ತೀನಿ ಅಂತೀರೇನೋ ಅಂತ ಕಾಯ್ತಿದ್ದೆ."

ಮೆಟ್ಟಿಲ ಮೇಲೆ ಕೂತಿದ್ದ ಅನನ್ಯಾ, "ಫೈನಲೀ, ಲೈಕ್" ಎಂದು ಇಲ್ಲಿಯ ಹುಡುಗಿಯರ ಧಾಟಿಯಲ್ಲಿ ಹೇಳಿ ಮೇಲೆ ಹೋದಳು. ಗುರು ಸರ್ ಮೇಜಿನ ಮೇಲಿನ ಒಂದು ನಿಂಬೆಹಣ್ಣನ್ನು ಕೈಗೆತ್ತಿಕೊಂಡರು. "ಇದೊಂದನ್ನ ನಾನು ಟೆಸ್ಟೇ ಮಾಡ್ಲಿಲ್ಲ" ಎಂದರು.

ಬೇಸಿಗೆಯಲ್ಲಿ ಮನೆ ಖಾಲಿ ಮಾಡಿದರು. ಸಾಮಾನು ಸಾಗಿಸಲು ಬಂದದ್ದು ಬಾಡಿಗೆಯ ಒಂದು ಹಳೆಯ ವ್ಯಾನು. ಗುರು ಸರ್ ಬಗ್ಗಿ ಬಗ್ಗಿ ಅದರ ನಾಲ್ಕೂ ಚಕ್ರದಡಿ ನಿಂಬೆಹಣ್ಣಿಟ್ಟರು. ಡ್ರೈವರ್ ಇಳಿದು ಬಂದು ನೋಡಿ, ಇದರಿಂದ ಟೈರಿಗೇನೂ ಆಗುವುದಿಲ್ಲ ತಾನೇ ಎಂದು ಕೇಳಿದ. ಗುರು ಸರ್ ಇಲ್ಲಿಯವರ ಹಾಗೆ "ಗ್ರ್ಯಾಂಡ್, ಗ್ರ್ಯಾಂಡ್" ಎಂದು, ಏನೂ ಆಗುವುದಿಲ್ಲವೆಂಬಂತೆ ಅವನ ಬೆನ್ನು ತಟ್ಟಿದರು. ಆಮೇಲೆ ವ್ಯಾನಿನ ಹಿಂಬಾಗಿಲನ್ನು ಕಣ್ಣು ಮುಚ್ಚಿಕೊಂಡು ಹಾಕಿದರು. ಹಳೆಯ ತಗಡಿನ ಡಬ್ಬ ಬಿದ್ದಂಥ ಸದ್ದು.

"ಪರವಾಗಿಲ್ಲ" ಎಂದರು. ನಾನು ಕಾದೆ. 'ಆದ್ರೆ' ಬರಲಿಲ್ಲ.

ಅವರು ಹೋದ ಮೊದಲ ಶನಿವಾರ ಸಂಜೆ ನನ್ನ ಗಂಡ ಎರಡು ಸಲ ಬಾಗಿಲ ಕಡೆ ನೋಡಿದ. ಪಕ್ಕದ ಮನೆಗೆ ಈಗ ಬೇರೆಯವರು ಬಂದಿದ್ದಾರೆ, ಒಳ್ಳೆಯವರೇ. ಗೋಡೆಯಾಚೆ ಕೆಟಲಿನ ಸದ್ದು ಮಾತ್ರ ಇಲ್ಲ. ಈ ಚಳಿಗಾಲದ ಮೊದಲ ಮಂಜು ಬಿದ್ದ ಬೆಳಿಗ್ಗೆ ನಾನು ಆಫೀಸಿಗೆ ಹೊರಟು ಕಾರಿನ ಗಾಜು ಕೆರೆಯುತ್ತಿದ್ದಾಗ ಫೋನ್ ಬಂತು.

"ರೂಪಾ, ಅಲ್ಲೆಲ್ಲ ರಸ್ತೆ ಜಾರ್ತಿದೆಯಂತೆ. ಇವತ್ತು ಕಾರು ತೆಗೀಬೇಡಮ್ಮ, ಬಸ್ಸಲ್ಲಿ ಹೋಗು" ಎಂದರು ಗುರು ಸರ್. ಅಷ್ಟು ದಿನದ ಒಡನಾಟದಲ್ಲಿ ಅವರು ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಹೂಂ ಎಂದೆ. ಅರ್ಧ ಕೆರೆದ ಗಾಜನ್ನು ಹಾಗೇ ಬಿಟ್ಟು, ಕಾರಿನ ಬಾಗಿಲು ಹಾಕಿ, ಬಸ್ ಸ್ಟಾಪಿನ ಕಡೆ ನಡೆದೆ. ತಲುಪಿದ ಮೇಲೆ ಅವರಿಗೆ ಫೋನ್ ಮಾಡಿದೆ.