ಎತ್ತಿ ಕುಡಿದ ಕಪ್ಪು ಬಿಯರ್

ದೋಸೆಗೆ ರುಬ್ಬಿಟ್ಟು, ದೇವರ ದೀಪ ತೊಳೆದು, ಬಿಸಿಲಿಗಿಟ್ಟ ಹಪ್ಪಳ ತೆಗೆದು ಒಳಗೆ ಬಂದರೆ ಅಕ್ಕನ ಮಗಳು ಸುಮಾ ಮೇಜಿನ ಮೇಲೆ ಬಾಟಲಿಯಿಟ್ಟು ಕೂತಿದ್ದಳು. ಶಿವಮೊಗ್ಗದಲ್ಲಿ ಬಿಯರ್ ತಯಾರಿಸುವುದು ಅವಳ ಕೆಲಸ.

"ಸ್ಟೌಟ್ ಅಂತ ಕಪ್ಪು ಬಿಯರ್, ಚಿಕ್ಕಮ್ಮ. ನಾನೇ ಮಾಡಿದ್ದು. ಅಮ್ಮ ಮೂಸಿ ಸಹ ನೋಡ್ಲಿಲ್ಲ. ನೀನಾದ್ರೂ ಒಂದ್ ಗುಟುಕು ಕುಡಿ."

ಲೋಟಕ್ಕೆ ಬಗ್ಗಿಸಿದ್ದು ಕಪ್ಪಗಿತ್ತು. ಹುರಿದ ಕಾಫಿಬೀಜದ ವಾಸನೆ. ನನಗೆ ಅನುಮಾನ.

"ಕಾಫಿಗೆ ಎಂತದೋ ಬೆರೆಸಿ ನನ್ನ ಮಂಗ ಮಾಡ್ತಿದೀಯಾ?"

"ಕಾಫಿ ಹಾಕೇ ಇಲ್ಲ. ಬಾರ್ಲಿ ಹುರಿದದ್ದು, ಅಷ್ಟೇ."

ನಂಬಿಕೆ ಬರಲಿಲ್ಲ. ಎಂಜಲಾಗದಂತೆ, ಎಂದಿನ ಹಾಗೆ ಲೋಟ ಎತ್ತಿ ಬಾಯಿಗೆ ಹೊಯ್ದುಕೊಂಡೆ. ನೊರೆ ಮೂಗಿಗೇರಿ ಕೆಮ್ಮು ಹತ್ತಿತು.

"ತೀರ್ಥ ಅಲ್ಲ ಮಾರಾಯ್ತಿ, ಕಚ್ಚಿ ಕುಡಿ!" ಬಾಗಿಲಲ್ಲಿ ನಿಂತು ನೋಡುತ್ತಿದ್ದ ಯಜಮಾನರು ನಕ್ಕರು.

ಸುಮಾ ನಗಲಿಲ್ಲ. ಬಾಟಲಿ ಎತ್ತಿಡಲು ಹೊರಟಳು. ಅವಳ ಮುಖ ನೋಡಿ, ಕಾಫಿಯನ್ನೂ ಎತ್ತಿಯೇ ಕುಡಿಯುವ ನಾನು ಲೋಟಕ್ಕೆ ತುಟಿಯಿಟ್ಟು ನಿಧಾನಕ್ಕೆ ಕುಡಿದೆ. ಮೊದಲು ಕಹಿ, ಆಮೇಲೆ ತಳ ಹಿಡಿದ ಬೆಲ್ಲದ ಪಾಕದಂಥ ರುಚಿ.

"ಚೆನ್ನಾಗಿದೆ ಅಂತ ನಿಮ್ಮಮ್ಮಂಗೆ ನಾನೇ ಹೇಳ್ತೀನಿ," ಎಂದೆ.

ರಾತ್ರಿ ಅನ್ನ, ಹುರುಳಿ ಸಾರು, ಹಪ್ಪಳ. ಸುಮಾ ಎಲ್ಲರಿಗಿಂತ ಮೊದಲು ನೆಮ್ಮದಿಯಾಗಿ ಮಲಗಿದಳು. ನಾನು ಮಾತ್ರ ತಲೆ ತಿರುಗುತ್ತದೇನೋ ಎಂದು ಕಾಯುತ್ತ ಕೂತಿದ್ದೆ. ತಿರುಗಲಿಲ್ಲ.